ಸೈಟಿನ ಸಾಮಾನನ್ನು ಕಳ್ಳನಿಂದಲೂ ಮಳೆಯಿಂದಲೂ ಉಳಿಸಿಕೊಳ್ಳುವುದು ಹೇಗೆ?

ಸೋಮವಾರ ಬೆಳಗ್ಗೆ ಸೈಟಿಗೆ ಹೋದಾಗ ಬೀಗ ಹಾಕಿದ ಹಾಗೇ ಇತ್ತು. ಬಾಗಿಲೂ ಹಾಗೇ ಇತ್ತು. ಒಳಗೆ ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ಇರಲಿಲ್ಲ, ಎರಡು ಗ್ರೈಂಡರ್ ಇರಲಿಲ್ಲ, ಒಂದು ಕಾಯಿಲ್ ವೈರ್ ಇರಲಿಲ್ಲ. ಶೆಡ್ಡಿನ ಹಿಂದೆ ಹೋಗಿ ನೋಡಿದೆ. ಜಿಂಕ್ ಶೀಟಿನ ನಟ್ಟುಗಳನ್ನು ಸ್ಪ್ಯಾನರ್ ಹಾಕಿ ಬಿಚ್ಚಿ, ಒಂದು ಇಟ್ಟಿಗೆಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು. ಆರು ನಟ್ಟು, ಆರು ವಾಷರ್. ಬೀಗಕ್ಕೆ ಏಳುನೂರು ರೂಪಾಯಿ ಕೊಟ್ಟಿದ್ದೆ. ನಟ್ಟು ಹೊರಗಡೆ ಬರುವ ಹಾಗೆ ಶೀಟ್ ಹೊಡೆಸಿದ್ದೂ ನಾನೇ.

ಶಿವಮೊಗ್ಗದ ಸುತ್ತಮುತ್ತ ಮನೆ ಕಟ್ಟುವ ಸಣ್ಣ ಕಂಟ್ರಾಕ್ಟರ್ ನಾನು. ಇಷ್ಟು ವರ್ಷದಲ್ಲಿ ಕಳ್ಳರಿಗೆ ಕಳೆದುಕೊಂಡದ್ದಕ್ಕಿಂತ ಮಳೆಗೆ ಕಳೆದುಕೊಂಡದ್ದೇ ಜಾಸ್ತಿ. ಆದರೆ ಕಳ್ಳತನವಾದರೆ ಊರಿಗೆಲ್ಲ ಹೇಳುತ್ತೇವೆ, ಸಿಮೆಂಟ್ ಗಟ್ಟಿಯಾದರೆ ಯಾರಿಗೂ ಹೇಳುವುದಿಲ್ಲ. ಎರಡಕ್ಕೂ ಒಂದು ಗುಣ ಸಮ. ಎರಡೂ ಬರುವುದು ನಾವು ಮನೆಗೆ ಹೋದ ಮೇಲೆ. ಹಾಗಾಗಿ ಸೈಟಿನಲ್ಲಿ ಸಾಮಾನು ಉಳಿಯುತ್ತದೋ ಇಲ್ಲವೋ ಅನ್ನುವುದು ಸಂಜೆ ಐದೂವರೆಯಿಂದ ಆರರವರೆಗೆ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಸ್ವಂತ ಮನೆ ಕಟ್ಟಿಸುತ್ತಿರುವವರಿಗೂ, ಸಣ್ಣಪುಟ್ಟ ಕಂಟ್ರಾಕ್ಟು ಮಾಡುವವರಿಗೂ ಉಪಯೋಗಕ್ಕೆ ಬರಲಿ ಅಂತ ನಾನು ಮಾಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

1. ಮೊದಲು ಒಂದು ನೋಟ್‌ಬುಕ್ ತನ್ನಿ

ಬೀಗಕ್ಕಿಂತ ಮೊದಲು ಬೇಕಾದದ್ದು ಲೆಕ್ಕ. ಎಷ್ಟು ಜಾಕ್ (ಚಾವಣಿ ಹಾಕುವಾಗ ಆನಿಸುವ ಕಬ್ಬಿಣದ ಕಂಬ) ಬಂತು, ಎಷ್ಟು ಸೆಂಟ್ರಿಂಗ್ ಶೀಟ್ (ಕಾಂಕ್ರೀಟ್ ಸುರಿಯಲು ಅಡಿಗೆ ಹಾಸುವ ತಗಡು) ಬಂತು, ಎಷ್ಟು ಬಾಂಡ್ಲಿ ಇದೆ ಅಂತ ಗೊತ್ತಿಲ್ಲದಿದ್ದರೆ, ಹೋದದ್ದು ಯಾವಾಗ ಅನ್ನುವುದೇ ಗೊತ್ತಾಗುವುದಿಲ್ಲ. ಒಂದು ಪುಟದಲ್ಲಿ ನಿಮ್ಮ ಸ್ವಂತ ಸಾಮಾನು, ಇನ್ನೊಂದು ಪುಟದಲ್ಲಿ ಬಾಡಿಗೆ ಸಾಮಾನು ಬರೆಯಿರಿ. ಬಾಡಿಗೆಯದ್ದು ಬಂದ ದಿನ ಚಲನ್ನಿನಲ್ಲಿ ಬರೆದ ಸಂಖ್ಯೆಯನ್ನು ನಂಬಬೇಡಿ, ಗಾಡಿಯಿಂದ ಇಳಿಸುವಾಗಲೇ ಎಣಿಸಿ. ವಾಪಸ್ ಕೊಡುವಾಗ ನಾಲ್ಕು ಶೀಟ್ ಕಡಿಮೆ ಬಂದರೆ ಹೊಸದರ ರೇಟ್ ಹಾಕುತ್ತಾರೆ. ಸಿಗುವವರೆಗೆ ಬಾಡಿಗೆಯೂ ಓಡುತ್ತಿರುತ್ತದೆ.

ಮಷಿನುಗಳದ್ದಾದರೆ ಬಿಲ್ಲಿನ ಫೋಟೋ, ಎಂಜಿನ್ ನಂಬರ್ ಅಥವಾ ಸೀರಿಯಲ್ ನಂಬರ್ ಇರುವ ಪ್ಲೇಟಿನ ಫೋಟೋ ತೆಗೆದು ಇಟ್ಟುಕೊಳ್ಳಿ. ಆ ಪ್ಲೇಟಿನ ಮೇಲೆ ಸಿಮೆಂಟ್ ಮೆತ್ತಿಕೊಂಡು ಎರಡೇ ತಿಂಗಳಲ್ಲಿ ಅಕ್ಷರ ಕಾಣದ ಹಾಗೆ ಆಗುತ್ತದೆ. ಹೊಸದಿದ್ದಾಗಲೇ ತೆಗೆಯಬೇಕು.

ಲೆಕ್ಕ ಯಾಕೆ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಒಂದು ಸಲ ಕಟಿಂಗ್ ಮಷಿನ್ ಕಾಣದೆ ಒಬ್ಬ ಹುಡುಗನ ಮೇಲೆ ನಾನು ರೇಗಾಡಿಬಿಟ್ಟೆ. ಅವನೊಬ್ಬನೇ ಹಿಂದಿನ ದಿನ ಅದನ್ನು ಮುಟ್ಟಿದ್ದವನು. ಅವನು ಏನೂ ಮಾತಾಡದೆ ಬ್ಯಾಗ್ ತಗೊಂಡು ಹೊರಟುಹೋದ. ಒಂಬತ್ತನೇ ದಿನ ಎಂ ಸ್ಯಾಂಡ್ ರಾಶಿ ಕರಗುತ್ತಾ ಬಂದಾಗ ಮಷಿನ್ ಅದರ ಅಡಿಯಲ್ಲಿ ಸಿಕ್ಕಿತು. ಲಾರಿಯವನು ಕತ್ತಲಲ್ಲಿ ಅದರ ಮೇಲೇ ಮರಳು ಸುರಿದು ಹೋಗಿದ್ದ. ಯಾರು ತೆಗೆದುಕೊಂಡರು, ಎಷ್ಟು ಗಂಟೆಗೆ ವಾಪಸ್ ಕೊಟ್ಟರು ಅಂತ ಒಂದು ಸಾಲು ಬರೆದಿದ್ದರೆ ಆ ಸಂಜೆಯೇ ಹುಡುಕುತ್ತಿದ್ದೆ. ಹುಡುಗ ಮತ್ತೆ ಫೋನ್ ಎತ್ತಲಿಲ್ಲ.

2. ಗುರುತು ಹಾಕಿ, ಒರಟಾಗಿ ಹಾಕಿ

ಚಂದದ ಗುರುತು ಬೇಡ. ಜಾಕು, ಸ್ಪ್ಯಾನು (ಶೀಟಿನ ಅಡಿಗೆ ಅಡ್ಡ ಹಾಕುವ ಕಬ್ಬಿಣದ ತೊಲೆ), ಏಣಿ, ಡ್ರಮ್ಮು ಎಲ್ಲದಕ್ಕೂ ಒಂದೇ ಬಣ್ಣದ ಪಟ್ಟಿ ಹೊಡೆಯಿರಿ. ನನ್ನದು ಕೆಂಪಿನ ಮೇಲೆ ಬಿಳಿ. ಬಣ್ಣವನ್ನು ಅಳಿಸಬಹುದು, ನಿಜ. ಆದರೆ ಇನ್ನೂರು ಜಾಕಿಗೆ ಕೂತು ಬಣ್ಣ ಕೆರೆಯುವ ತಾಳ್ಮೆ ಇದ್ದವನು ಕಳ್ಳತನಕ್ಕೆ ಬರುವುದಿಲ್ಲ. ಮಿಕ್ಸರ್, ಬಾರ್ ಬೆಂಡಿಂಗ್ ಮಷಿನ್, ವೆಲ್ಡಿಂಗ್ ಸೆಟ್ಟಿಗೆ ಮಾತ್ರ ವೆಲ್ಡಿಂಗ್‌ನಲ್ಲೇ ಇನಿಷಿಯಲ್ ಬರೆಸಿ. ಒಂದು ಕಡೆ ಎದ್ದು ಕಾಣುವ ಹಾಗೆ, ಇನ್ನೊಂದು ಕಡೆ ಚಾಸಿಯ ಒಳಗೆ, ನಿಮಗೆ ಮಾತ್ರ ಗೊತ್ತಿರುವ ಜಾಗದಲ್ಲಿ. ಗುಜರಿ ಅಂಗಡಿಯಲ್ಲಿ ನಿಂತು ‘ಇದು ನಂದೇ’ ಅಂತ ಹೇಳುವಾಗ ಎರಡನೆಯ ಗುರುತೇ ಕೆಲಸಕ್ಕೆ ಬರುವುದು.

3. ಶೆಡ್ಡಿನ ಬಾಗಿಲಿಗಿಂತ ಗೋಡೆ ನೋಡಿ

ಶೀಟಿನ ಶೆಡ್ ಆದರೆ ನಟ್ಟು ಒಳಗಡೆ ಬರಲಿ. ಈಗಾಗಲೇ ಹೊರಗೆ ಇದ್ದರೆ ನಟ್ಟಿನ ಮೇಲೆ ಒಂದು ಚುಕ್ಕೆ ವೆಲ್ಡಿಂಗ್ ಹೊಡೆಸಿ. ಬಾಗಿಲಿನ ಹಿಂಜ್ ಪಿನ್ನೂ ಅಷ್ಟೇ. ಮೇಲಕ್ಕೆ ಎತ್ತಿದರೆ ಬಾಗಿಲೇ ಕಳಚಿ ಬರುವ ಶೆಡ್‌ಗಳನ್ನು ಎಷ್ಟೋ ನೋಡಿದ್ದೇನೆ.

ನೆಲ ಸುತ್ತಲಿನ ಮಟ್ಟಕ್ಕಿಂತ ಅರ್ಧ ಅಡಿಯಾದರೂ ಎತ್ತರ ಇರಬೇಕು. ಸೈಟಿನ ನೀರು ಯಾವ ಕಡೆ ಹರಿಯುತ್ತದೆ ಅಂತ ಒಂದು ಬಕೆಟ್ ನೀರು ಚೆಲ್ಲಿ ನೋಡಿ, ಆಮೇಲೆ ಶೆಡ್ಡಿಗೆ ಜಾಗ ಆರಿಸಿ. ರಸ್ತೆ ಪಕ್ಕ ಹಾಕಿದರೆ ಲಾರಿಯಿಂದ ಇಳಿಸುವುದು ಸುಲಭ, ಅಲ್ವಾ? ಕಳ್ಳನಿಗೆ ಹತ್ತಿಸುವುದೂ ಅಷ್ಟೇ ಸುಲಭ. ಹಿಂದಕ್ಕೆ ಹಾಕಿ, ಆದರೆ ಯಾವುದಾದರೂ ಮನೆಯ ಕಿಟಕಿಗೆ ಕಾಣುವ ಹಾಗಿರಲಿ.

ಮೊದಲ ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ, ಆದ ಮೇಲೆ ಶೆಡ್ ಮರೆತುಬಿಡಿ. ಸೆಂಟ್ರಿಂಗ್ ಬಿಚ್ಚಿದ ಕೂಡಲೇ ಕಿಟಕಿ ಕಡಿಮೆ ಇರುವ ಒಂದು ರೂಮಿಗೆ ಇಟ್ಟಿಗೆ ಅಡ್ಡ ಇಟ್ಟು, ಹಳೇ ಕಬ್ಬಿಣದ ಬಾಗಿಲು ಕೂರಿಸಿ. ಆ ಬಾಗಿಲು ಹತ್ತು ಸೈಟಿಗೆ ಬರುತ್ತದೆ.

4. ಸಂಜೆಯ ಅರ್ಧ ಗಂಟೆ

ಇದೇ ಮುಖ್ಯ. ಕೆಲಸ ಆರಕ್ಕೆ ಬಿಡುವುದಾದರೆ ಗಾರೆ ಕೆಲಸ ಐದೂವರೆಗೆ ನಿಲ್ಲಬೇಕು. ಈ ಅರ್ಧ ಗಂಟೆ ಕೂಲಿಯ ಒಳಗೇ ಬರಬೇಕು. ‘ಹೋಗುವಾಗ ಎಲ್ಲ ಎತ್ತಿಟ್ಟು ಹೋಗ್ರಪ್ಪ’ ಅಂದರೆ ಯಾರೂ ಎತ್ತುವುದಿಲ್ಲ. ಬಸ್ಸಿಗೆ ಹೊರಟವನ ಕೈಯಲ್ಲಿ ಕರಣೆ ಕೂಡ ತೊಳೆಸಲು ಆಗುವುದಿಲ್ಲ. ಮೇಸ್ತ್ರಿಗೆ ಮೊದಲೇ ಹೇಳಿಬಿಡಿ.

ಮಿಕ್ಸರಿನಿಂದ ಶುರು ಮಾಡಿ. ಡ್ರಮ್ಮಿಗೆ ಎರಡು ಬಾಂಡ್ಲಿ ಜಲ್ಲಿ, ಒಂದು ಬಕೆಟ್ ನೀರು ಹಾಕಿ ಐದು ನಿಮಿಷ ತಿರುಗಿಸಿ, ಸುರಿದುಬಿಡಿ. ಆಮೇಲೆ ಡ್ರಮ್ಮಿನ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಬಾಯಿ ಮೇಲಿದ್ದರೆ ರಾತ್ರಿ ಮಳೆಗೆ ತುಂಬಿ, ಬೆಳಗ್ಗೆ ಆ ಭಾರಕ್ಕೆ ಬೇರಿಂಗ್ ಅಳುತ್ತದೆ. ಡೀಸೆಲ್ ಎಂಜಿನ್ ಆದರೆ ಸೈಲೆನ್ಸರ್ ಬಾಯಿಗೆ ಒಂದು ತಗಡಿನ ಡಬ್ಬ ಕವುಚಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಸೈಲೆನ್ಸರಿನಿಂದ ಇಳಿದ ಮಳೆನೀರು ಸಿಲಿಂಡರಿಗೆ ಸೇರಿದರೆ, ಬೆಳಗ್ಗೆ ಜೋರಾಗಿ ಹ್ಯಾಂಡಲ್ ಹೊಡೆದಾಗ ಪಿಸ್ಟನ್ ಆ ನೀರನ್ನು ಅದುಮಲಾರದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಹತ್ತು ರೂಪಾಯಿ ಡಬ್ಬ ಇಲ್ಲದೆ ಎಂಜಿನ್ ಬಿಚ್ಚಿಸಬೇಕಾಗುತ್ತದೆ. ಅನುಮಾನ ಇದ್ದರೆ ಬೆಳಗ್ಗೆ ಕೈಯಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ ನೋಡಿ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಅಲ್ಲಿಗೇ ಬಿಟ್ಟು ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಹ್ಯಾಂಡಲನ್ನು ನೀವೇ ಮನೆಗೆ ಒಯ್ಯಿರಿ. ಗಾಲಿಗೆ ಸರಪಳಿ ಹಾಕಿ ಯಾವುದಾದರೂ ಕಾಲಂ ಸುತ್ತ ಬಳಸಿ ಬೀಗ ಹಾಕಿ. ಮಿಕ್ಸರನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ, ಗಾಡಿಗೆ ಕೊಂಡಿ ಹಾಕಿ ಎಳೆದುಕೊಂಡು ಹೋಗುತ್ತಾರೆ. ಕೊಂಡಿಯ ಕಡೆ ಗೋಡೆಗೆ ತಿರುಗಿಸಿ ನಿಲ್ಲಿಸಿದರೆ ಅರ್ಧ ಕೆಲಸ ಆಯಿತು.

ಪೆಟ್ರೋಲ್ ವೈಬ್ರೇಟರ್ ಇದ್ದರೆ ಕಾಕ್ ಮುಚ್ಚಿ, ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ವಾರಗಟ್ಟಲೆ ಕೂತರೆ ಅಂಟಾಗುತ್ತದೆ. ನೀಡಲ್ (ಕಾಂಕ್ರೀಟಿನೊಳಗೆ ಇಳಿಸುವ ಉದ್ದ ಕೊಳವೆ) ತೊಳೆದು ದೊಡ್ಡ ಸುತ್ತಾಗಿ ಸುತ್ತಿಡಿ, ಚಿಕ್ಕದಾಗಿ ಮಡಚಿದರೆ ಒಳಗಿನ ಕೇಬಲ್ ಹಾಳು.

ಗ್ರೈಂಡರ್, ಡ್ರಿಲ್ಲಿಂಗ್, ಕಟಿಂಗ್ ಮಷಿನ್ ಇವೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗುವ ಸಾಮಾನು. ಸೈಟಿನಲ್ಲಿ ಬಿಡಲೇಬೇಡಿ. ನಾನು ಒಂದು ಕಬ್ಬಿಣದ ಪೆಟ್ಟಿಗೆ ಮಾಡಿಸಿ ಗಾಡಿಯಲ್ಲೇ ಇಟ್ಟಿದ್ದೇನೆ, ರಾತ್ರಿ ಮನೆಯೊಳಗೆ ಬರುತ್ತದೆ. ಹಾರೆ, ಗುದ್ದಲಿ, ಸಲಿಕೆಗಳನ್ನು ತೊಳೆದು ಹತ್ತರ ಕಟ್ಟು ಕಟ್ಟಿ. ಎಣಿಸಲು ಸುಲಭ. ಅದೂ ಅಲ್ಲದೆ, ಹಾರೆ ಹೊರಗೆ ಬಿಟ್ಟರೆ ನಿಮ್ಮ ಬೀಗ ಒಡೆಯಲು ನೀವೇ ಕೊಟ್ಟ ಹಾಗೆ.

ಲೆವೆಲ್ ನೋಡುವ ಆಟೋ ಲೆವೆಲ್ ಅಥವಾ ಲೇಸರ್ ಇದ್ದರೆ, ಒದ್ದೆಯಾದದ್ದನ್ನು ಹಾಗೇ ಡಬ್ಬಿಗೆ ತುಂಬಿ ಮುಚ್ಚಬೇಡಿ. ಮಲೆನಾಡಿನ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಮನೆಗೆ ತಂದು, ಮುಚ್ಚಳ ತೆರೆದು ಒಣಗಿಸಿ, ಆಮೇಲೆ ಸಿಲಿಕಾ ಜೆಲ್ ಚೀಲ ಇಟ್ಟು ಮುಚ್ಚಿ.

ಕೊನೆಗೆ ಮೇನ್ ಸ್ವಿಚ್ ಆಫ್. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಬರುವ ದಿನಗಳಲ್ಲಿ ಪ್ಲಗ್ಗುಗಳನ್ನೂ ಕಿತ್ತುಬಿಡಿ. ತಾತ್ಕಾಲಿಕ ಕನೆಕ್ಷನ್ನಿನ ಬೋರ್ಡು ಎದೆ ಎತ್ತರದಲ್ಲಿ, ಮೇಲೆ ಸಣ್ಣ ಮಾಡು ಇಟ್ಟು ಕೂರಿಸಿರಬೇಕು. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಟ್ ಆಗುವ ಸ್ವಿಚ್) ಇಲ್ಲದ ಬೋರ್ಡಿನಲ್ಲಿ ಮಳೆಗಾಲದಲ್ಲಿ ಕೆಲಸ ಮಾಡಿಸಬೇಡಿ. ಅದು ಮಷಿನ್ ಉಳಿಸಲಿಕ್ಕಲ್ಲ, ಹಿಡಿದವನನ್ನು ಉಳಿಸಲಿಕ್ಕೆ.

5. ಸಿಮೆಂಟಿಗೆ ಗಾಳಿ ಆಗದು, ಮಷಿನಿಗೆ ಗಾಳಿ ಬೇಕು

ಟಾರ್ಪಾಲ್ ಹಾಕಿದರೆ ಆಯಿತು ಅಂದುಕೊಂಡವರು ಎಡವುವುದು ಇಲ್ಲೇ. ಎರಡಕ್ಕೂ ಒಂದೇ ಥರ ಹೊದಿಸುತ್ತಾರೆ.

ಸಿಮೆಂಟ್ ಕೆಡುವುದು ಸುರಿಯುವ ಮಳೆಯಿಂದ ಮಾತ್ರ ಅಲ್ಲ, ಗಾಳಿಯಲ್ಲಿರುವ ತೇವದಿಂದ. ಹಾಗಾಗಿ ಮೂಟೆಗಳ ಮಧ್ಯೆ ಗಾಳಿ ಆಡದ ಹಾಗೆ ಒತ್ತೊತ್ತಾಗಿ ಜೋಡಿಸಬೇಕು. ನೆಲದಿಂದ ಆರೆಂಟು ಇಂಚು ಮೇಲೆ ಹಲಗೆ, ಗೋಡೆಯಿಂದ ಎರಡು ಅಡಿ ದೂರ, ಎತ್ತರ ಹತ್ತು ಮೂಟೆಗಿಂತ ಜಾಸ್ತಿ ಬೇಡ. ಇದು ನನ್ನ ಲೆಕ್ಕ ಅಲ್ಲ, ಸೈಟಿನಲ್ಲಿ ಸಾಮಗ್ರಿ ಇಡುವ ಬಗ್ಗೆ ಇರುವ ಐಎಸ್ 4082 ಮಾನದಂಡ ಹೇಳುವುದೂ ಇದನ್ನೇ. ಹತ್ತು ದಾಟಿದರೆ ಅಡಿಯ ಮೂಟೆ ಭಾರಕ್ಕೇ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಅಡಿಗೂ ಮೇಲಕ್ಕೂ ಸೇರಿ ಪ್ಲಾಸ್ಟಿಕ್ ಹಾಳೆಯಲ್ಲಿ ಪೂರ್ತಿ ಸುತ್ತಿಬಿಡಿ, ಮಗುವಿಗೆ ಕಂಬಳಿ ಸುತ್ತಿದ ಹಾಗೆ.

ಮೂಟೆಯ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಇಳಿಸುವಾಗಲೇ ಓದಿ. ಮೂರು ತಿಂಗಳು ಇಟ್ಟರೆ ಸಿಮೆಂಟಿನ ಬಲ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗಬಹುದು ಅಂತ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಮೊದಲು ಬಂದದ್ದು ಮೊದಲು ಖರ್ಚಾಗಲಿ. ಬಾಗಿಲ ಹತ್ತಿರ ಹೊಸ ಮೂಟೆ ಇಟ್ಟು ಹಳೆಯದನ್ನು ಮೂಲೆಗೆ ತಳ್ಳಿ ಅರವತ್ತು ಮೂಟೆ ಹಾಳು ಮಾಡಿಕೊಂಡವನು ನಾನು. ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಗಂಟು ಪರವಾಗಿಲ್ಲ. ಪುಡಿಯಾಗದ ಗಂಟು ಬಂದರೆ ಆ ಮೂಟೆ ಕಾಲಂಗೂ ಬೇಡ, ಮೋಲ್ಡಿಗೂ ಬೇಡ. ಎಲ್ಲಕ್ಕಿಂತ ಒಳ್ಳೆಯ ಉಪಾಯ, ಒಂದು ವಾರಕ್ಕೆ ಬೇಕಾದಷ್ಟೇ ತರಿಸುವುದು. ರೇಟ್ ಏರುತ್ತದೆ ಅಂತ ಜೂನ್‌ಗೆ ಮುಂಚೆ ಇನ್ನೂರು ಮೂಟೆ ತುಂಬಿಕೊಂಡರೆ ಉಳಿದ ಹಣ ಗಂಟಾಗಿ ಹೋಗುತ್ತದೆ.

ಮಷಿನಿನ ಕಥೆ ಉಲ್ಟಾ. ಮೋಟಾರಿಗೆ ಪ್ಲಾಸ್ಟಿಕ್ ಬಿಗಿದು ಕಟ್ಟಿದರೆ ಒಳಗೇ ಬೆವರುತ್ತದೆ. ಬೆಳಗ್ಗೆ ಬಿಚ್ಚಿದರೆ ಹಾಳೆಯ ಒಳಮೈಯಲ್ಲಿ ಹನಿ ಹನಿ ನೀರು. ಮಳೆಯಲ್ಲಿ ನೆನೆದದ್ದಕ್ಕಿಂತ ಹೀಗೆ ಬೆವರಿ ತುಕ್ಕು ಹಿಡಿದದ್ದೇ ನನ್ನಲ್ಲಿ ಜಾಸ್ತಿ. ನಾಲ್ಕು ಕೋಲು ನೆಟ್ಟು ಮೇಲೆ ಮಾಡಿನ ಹಾಗೆ ಹೊದಿಸಿ, ಕೆಳಗೆ ಒಂದಡಿ ತೆರೆದಿರಲಿ.

ಟಾರ್ಪಾಲಿನಲ್ಲಿ ತೆಳು ನೀಲಿಯದ್ದು ಒಂದು ಬೇಸಿಗೆಯ ಬಿಸಿಲಿಗೇ ಹಪ್ಪಳದಂತೆ ಮುರಿಯುತ್ತದೆ. ಅಂಗಡಿಯಲ್ಲಿ ಜಿಎಸ್‌ಎಂ (ಒಂದು ಚದರ ಮೀಟರಿನ ತೂಕ, ಗ್ರಾಂನಲ್ಲಿ) ಎಷ್ಟು ಅಂತ ಕೇಳಿ, 200ರ ಮೇಲಿನದ್ದು ತಗೊಳ್ಳಿ. ಹಾರಬಾರದು ಅಂತ ಕಲ್ಲು ಹೇರಬೇಡಿ, ಮೂಲೆ ಹರಿಯುತ್ತದೆ. ಖಾಲಿ ಸಿಮೆಂಟ್ ಚೀಲಕ್ಕೆ ಅರ್ಧ ಮರಳು ತುಂಬಿ, ಎರಡು ಚೀಲಗಳನ್ನು ಹಗ್ಗದಲ್ಲಿ ಜೋಡಿಸಿ, ಎತ್ತಿನ ಬೆನ್ನ ಮೇಲಿನ ಹೇರಿನ ಹಾಗೆ ಎರಡೂ ಕಡೆ ಇಳಿಬಿಡಿ.

6. ಕಬ್ಬಿಣ ಮತ್ತು ಸೆಂಟ್ರಿಂಗ್

ಕಂಬಿ ಬಂದಾಗ ವೇ ಬ್ರಿಡ್ಜ್ ಚೀಟಿಯ ಜೊತೆಗೆ ಉದ್ದ, ಅಂದರೆ ಪೂರ್ತಿ ಕಂಬಿಗಳು ಎಷ್ಟಿವೆ ಅಂತ, ಎಣಿಸಿ. ಕಂಬಿಯ ದಪ್ಪದ ಮಿಲಿಮೀಟರನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಎಂಎಂ ಕಂಬಿಯ ಪೂರ್ತಿ 12 ಮೀಟರ್ ಉದ್ದಕ್ಕೆ ಸುಮಾರು 10.7 ಕಿಲೋ. ರಾತ್ರಿ ನಾಲ್ಕು ಉದ್ದ ಹೋದರೆ ಕಣ್ಣಿಗೆ ಕಾಣುವುದಿಲ್ಲ. ನಲವತ್ತು ಕಿಲೋದ ಮೇಲೆ ಹೋಗಿರುತ್ತದೆ. ಕಟ್ಟಿನ ತುದಿಗೆ ಬಣ್ಣದ ಸ್ಪ್ರೇ ಹೊಡೆದು, ಎಲ್ಲದರ ಮಧ್ಯೆ ಸರಪಳಿ ಹಾಯಿಸಿ.

ನೆಲದ ಮೇಲೆ ಇಡಬೇಡಿ, ಇಟ್ಟಿಗೆ ಸಾಲಿನ ಮೇಲೆ ಇಡಿ. ಮೇಲ್ಮೈಯ ಕೆಂಪು ಧೂಳಿನಂಥ ತುಕ್ಕಿಗೆ ಹೆದರಬೇಕಿಲ್ಲ. ಪದರ ಎದ್ದು ಬಂದರೆ ಹೆದರಬೇಕು. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪು ಗಾಳಿಗೆ ಇದು ಬೇಗ ಆಗುತ್ತದೆ. ಕೆಲಸ ನಿಂತು ಕಂಬಿ ತಿಂಗಳುಗಟ್ಟಲೆ ಕೂರುವುದಾದರೆ ತೆಳುವಾಗಿ ಸಿಮೆಂಟ್ ಹಾಲು ಬಳಿಯಿರಿ. ಮೇಲೆ ಚಾಚಿಕೊಂಡಿರುವ ಕಾಲಂ ಕಂಬಿಗಳಿಗೂ ಅದೇ.

ಸೆಂಟ್ರಿಂಗ್ ಶೀಟನ್ನು ಕೆರೆದು ಎಣ್ಣೆ ಸವರಿ, ಓರೆಯಾಗಿ ನಿಲ್ಲಿಸಿಡಿ. ಮಲಗಿಸಿದರೆ ತಟ್ಟೆಯ ಹಾಗೆ ನೀರು ನಿಲ್ಲುತ್ತದೆ. ಪ್ಲೈವುಡ್ ಮಾತ್ರ ಮಲಗಿಸಿಯೇ ಇಡಬೇಕು, ನಿಲ್ಲಿಸಿದರೆ ಸೊಟ್ಟಗಾಗುತ್ತದೆ.

7. ಜೆಸಿಬಿ ರಾತ್ರಿ ನಿಂತರೆ

ಬಕೆಟ್ ನೆಲಕ್ಕೆ ಇಳಿಸಿರಬೇಕು. ಹೊಳೆಯುವ ಹೈಡ್ರಾಲಿಕ್ ರಾಡುಗಳು ಆದಷ್ಟು ಒಳಗೆ ಹೋಗಿರಲಿ, ಹೊರಗೆ ಉಳಿದದ್ದಕ್ಕೆ ಗ್ರೀಸ್. ಒಂದೇ ಕಂಪನಿಯ ಎಷ್ಟೋ ಮಷಿನುಗಳಿಗೆ ಒಂದೇ ಕೀ ಆಗುತ್ತದೆ, ಆದ್ದರಿಂದ ಕೀ ತೆಗೆದೆ ಅಂತ ನಿಶ್ಚಿಂತೆಯಾಗಬೇಡಿ. ಬ್ಯಾಟರಿ ಕಟ್-ಆಫ್ ಸ್ವಿಚ್ ಹಾಕಿಸಿ. ಬ್ಯಾಟರಿ ಪೆಟ್ಟಿಗೆಗೆ ಬೀಗ ಹಾಕಿ.

ಡೀಸೆಲ್ ವಿಷಯ ಸ್ವಲ್ಪ ಪೇಚಿನದ್ದು. ಮಳೆಯ ಲೆಕ್ಕದಲ್ಲಿ ಟ್ಯಾಂಕ್ ತುಂಬಿರಬೇಕು, ಖಾಲಿ ಟ್ಯಾಂಕಿನಲ್ಲಿ ರಾತ್ರಿ ತಂಪಿಗೆ ನೀರು ಕಟ್ಟುತ್ತದೆ. ಕಳ್ಳನ ಲೆಕ್ಕದಲ್ಲಿ ಖಾಲಿ ಇರಬೇಕು. ಕಾಯಲು ಜನ ಇದ್ದರೆ ತುಂಬಿಸಿ. ಇಲ್ಲದಿದ್ದರೆ ಕಡಿಮೆ ಬಿಟ್ಟು, ಮುಚ್ಚಳದ ಕಡೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಬೆಳಗ್ಗೆ ಫಿಲ್ಟರಿನ ಅಡಿಯಿಂದ ನೀರು ಬಿಡಿಸಿ ಸ್ಟಾರ್ಟ್ ಮಾಡಿ.

8. ಕಾಯುವವರು

ವಾಚ್‌ಮನ್ ಇಡುವುದಾದರೆ ಅವನ ಮನೆಯವರಿಗೆ ಸೋರದ ಶೆಡ್ಡು, ಶೌಚಾಲಯ, ಕರೆಂಟು ಕೊಡಿ. ಟಾರ್ಪಾಲಿನ ಕೆಳಗೆ ಮಲಗಿ ನೆನೆಯುವವನು ನಿಮ್ಮ ಸಿಮೆಂಟ್ ನೆನೆಯದಂತೆ ಯಾಕೆ ನೋಡಿಕೊಳ್ಳುತ್ತಾನೆ? ಎದುರು ಮನೆಯವರಿಗೆ ನಿಮ್ಮ ನಂಬರ್ ಕೊಟ್ಟಿರಿ. ನಮ್ಮ ಒಂದು ಸೈಟಿನ ಎದುರಿದ್ದ ಅಜ್ಜಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಫೋನ್ ಮಾಡಿ, ‘ತಮ್ಮಾ, ನಿಮ್ ಸೈಟಲ್ಲಿ ಯಾರೋ ಬ್ಯಾಟರಿ ಬಿಡ್ತಿದಾರೆ’ ಅಂದರು. ಹೋಗಿ ನೋಡಿದರೆ ನಮ್ಮ ಪ್ಲಂಬರ್ ಮರೆತ ಮೊಬೈಲ್ ಹುಡುಕುತ್ತಿದ್ದ. ಇರಲಿ, ಯಾವ ಕ್ಯಾಮೆರಾವೂ ನನಗೆ ಅಷ್ಟು ಬೇಗ ಹೇಳಿದ್ದಿಲ್ಲ.

ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಈಗ ಸುಲಭವಾಗಿ ಸಿಗುತ್ತದೆ. ಹಾಕಿ, ತಪ್ಪಲ್ಲ. ಆದರೆ ಜುಲೈನಲ್ಲಿ ನಮ್ಮ ಕಡೆ ಎಂಟು ದಿನ ಸೂರ್ಯನೇ ಕಾಣುವುದಿಲ್ಲ, ಆಗ ಅದೂ ಕಣ್ಣು ಮುಚ್ಚುತ್ತದೆ. ಹಬ್ಬದ ರಜೆ ಜಾಸ್ತಿ ಅಪಾಯದ ಕಾಲ. ಯುಗಾದಿ, ದೀಪಾವಳಿಗೆ ಕೆಲಸದವರೆಲ್ಲ ಊರಿಗೆ ಹೋಗುತ್ತಾರೆ, ಅದು ಎಲ್ಲರಿಗೂ ಗೊತ್ತಿರುತ್ತದೆ. ಅದಕ್ಕೆ ಮುಂಚೆ ಬಾಡಿಗೆ ಸಾಮಾನು ವಾಪಸ್ ಕಳಿಸಿಬಿಡಿ.

9. ಮೃಗಶಿರಾ ಹುಟ್ಟುವ ಮೊದಲು

ಮಲೆನಾಡಿನಲ್ಲಿ ಜೂನ್ ಮೊದಲ ವಾರಕ್ಕೆ ಹೊರಗಿನ ಕೆಲಸ ನಿಲ್ಲಿಸುವವರು ಬಹಳ. ಹಾಗೆ ನಿಲ್ಲಿಸುವಾಗ ಮಿಕ್ಸರಿನ ಬೆಲ್ಟ್ ಬಿಚ್ಚಿ ಒಳಗಿಡಿ, ಹಲ್ಲುಗಾಲಿಗೆ ಗ್ರೀಸ್ ತುಂಬಿ, ಟೈರ್ ನೆಲ ಮುಟ್ಟದಂತೆ ಕಲ್ಲು ಕೊಡಿ. ಬ್ಯಾಟರಿ ಮನೆಗೆ ಬರಲಿ, ತಿಂಗಳಿಗೊಮ್ಮೆ ಚಾರ್ಜ್ ಆಗಲಿ. ನೆನೆದ ಮೋಟಾರನ್ನು ಯಾವ ಕಾರಣಕ್ಕೂ ‘ಒಂದ್ಸಲ ಹಾಕಿ ನೋಡೋಣ’ ಅನ್ನಬೇಡಿ. ಮುಚ್ಚಳ ಬಿಚ್ಚಿ ಬಲ್ಬಿನ ಶಾಖದಲ್ಲಿ ಎರಡು ದಿನ ಒಣಗಿಸಿ, ಎಲೆಕ್ಟ್ರಿಷಿಯನ್ ಹತ್ತಿರ ಮೆಗ್ಗರ್ (ಇನ್ಸುಲೇಷನ್ ಸರಿಯಿದೆಯೇ ಅಂತ ನೋಡುವ ಮೀಟರ್) ಹಿಡಿಸಿ. ಒಂದು ಮೆಗಾಓಮ್ ಕೂಡ ತೋರಿಸದಿದ್ದರೆ ಕರೆಂಟ್ ಕೊಡಬಾರದು.

10. ಹೋದ ಮೇಲೆ

ಏನನ್ನೂ ಮುಟ್ಟದೆ ಮೊದಲು ಫೋಟೋ ತೆಗೆಯಿರಿ, ಆಮೇಲೆ 112. 2024ರ ಜುಲೈ 1ರಿಂದ ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್, ಕದ್ದ ಮಾಲು ಕೊಂಡವರಿಗೆ 317. ಸೈಟ್ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರೂ ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ನೋಟ್‌ಬುಕ್, ಬಿಲ್ಲು, ನಂಬರ್ ಪ್ಲೇಟಿನ ಫೋಟೋ ಈಗ ಕೆಲಸಕ್ಕೆ ಬರುತ್ತವೆ. ಆ ದಿನವೇ ಸುತ್ತಲಿನ ಗುಜರಿ ಅಂಗಡಿಗಳಿಗೂ, ಬಾಡಿಗೆಗೆ ಕೊಡುವವರಿಗೂ ಫೋಟೋ ಕಳಿಸಿ.

ಮಷಿನುಗಳಿಗೆ ಕಂಟ್ರಾಕ್ಟರ್ಸ್ ಪ್ಲಾಂಟ್ ಅಂಡ್ ಮಷಿನರಿ ಪಾಲಿಸಿ, ಕಟ್ಟಡ ಮತ್ತು ಸಾಮಗ್ರಿಗೆ ಕಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ ಇವೆ. ಕೊಳ್ಳುವ ಮೊದಲು ಕಳ್ಳತನದ ಷರತ್ತು ಓದಿ. ಬೀಗ ಅಥವಾ ಗೋಡೆ ಒಡೆದು ಒಳಗೆ ಬಂದ ಗುರುತು ಬೇಕು ಅಂತ ಬರೆದಿರುವ ಪಾಲಿಸಿಗಳಿವೆ. ಬಯಲಲ್ಲಿ ಬಿಟ್ಟ ಜಾಕುಗಳಿಗೆ ಅಂಥ ಗುರುತು ಎಲ್ಲಿಂದ ತರುತ್ತೀರಿ? ತುಕ್ಕು, ಸವೆತಕ್ಕೆ ಯಾರೂ ಕೊಡುವುದಿಲ್ಲ.

11. ಆಯುಧಪೂಜೆಯ ದಿನ

ವರ್ಷಕ್ಕೊಮ್ಮೆ ಎಲ್ಲ ಸೈಟಿನ ಸಾಮಾನು ತೊಳೆದು ಒಂದೇ ಕಡೆ ಸೇರುವುದು ಆಯುಧಪೂಜೆಗೆ. ಕುಂಕುಮ ಇಡುವುದಕ್ಕೆ ಮುಂಚೆ ನೋಟ್‌ಬುಕ್ ಹಿಡಿದು ಎಣಿಸಿಬಿಡಿ. ಸಡಿಲ ಆದ ಹಿಡಿ, ಸುಲಿದ ವೈರ್ ಎಲ್ಲ ಅವತ್ತೇ ಕಣ್ಣಿಗೆ ಬೀಳುತ್ತದೆ. ಮಾಸಿದ ಬಣ್ಣದ ಪಟ್ಟಿ ಮತ್ತೆ ಹೊಡೆಯಲೂ ಅವತ್ತೇ ಸರಿ. ಹೋದ ವರ್ಷ ನಮ್ಮ ಲೆಕ್ಕದಲ್ಲಿ ಎರಡು ಜಾಕ್ ಜಾಸ್ತಿ ಬಂದವು. ಹಸಿರು ಪಟ್ಟಿಯವು, ಪಕ್ಕದ ಸೈಟಿನವರದ್ದು. ಪೂಜೆ ಮುಗಿಸಿ, ಹೂವಿನ ಸಮೇತ ವಾಪಸ್ ಕಳಿಸಿದೆ. ಅವರ ಕಡೆಯಿಂದ ನಮ್ಮ ಒಂದು ಏಣಿ ಬಂತು. ಅದು ಹೋದದ್ದು ನಮಗೆ ಗೊತ್ತೇ ಇರಲಿಲ್ಲ.